42,000 ಕಳಿಸಿದ್ದಕ್ಕೆ 200 ರೂಪಾಯಿ ಕಟ್: ಪಾಸ್‌ಬುಕ್ ಓದಲು ಬಲ್ಲವರು ದಯವಿಟ್ಟು ಹೇಳಿ

ಅಂಕೋಲೆ ಹೊಲಿಗೆ ಅಂಗಡಿ · ಮೇ 5, ರಾತ್ರಿ

ಎಲ್ಲರಿಗೂ ನಮಸ್ಕಾರ. ಅಂಕೋಲೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕಳೆದ ತಿಂಗಳು ಅವಳ ಹಾಸ್ಟೆಲ್ ಖಾತೆಗೆ 42,000 ರೂಪಾಯಿ ಕಳಿಸಬೇಕಿತ್ತು. ಬ್ಯಾಂಕಿಗೆ ಹೋಗಿ ಫಾರ್ಮ್ ತುಂಬಿ ಕಳಿಸಿದೆ. ಇವತ್ತು ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ನೋಡಿದರೆ ಒಂದೇ ತಿಂಗಳಲ್ಲಿ ನಾಲ್ಕು ಕಡಿತ.

5.90
59.00
17.70
118.00

ಒಟ್ಟು 200 ರೂಪಾಯಿ 60 ಪೈಸೆ. ಒಂದು ಸಾದಾ ಬ್ಲೌಸ್ ಹೊಲಿದ ಕೂಲಿ ಹೋಯಿತು. ಕೌಂಟರಿನಲ್ಲಿ ಕೇಳಿದೆ. "ಸಿಸ್ಟಮ್ಮೇ ಕಟ್ ಮಾಡುತ್ತದೆ ಅಕ್ಕ, ನಾವೇನೂ ಮಾಡಿದ್ದಲ್ಲ" ಅಂದರು. ಹಿಂದೆ ಹತ್ತು ಜನ ನಿಂತಿದ್ದರು. ಸುಮ್ಮನೆ ಬಂದೆ. ಮನೆಗೆ ಬಂದ ಮೇಲೆ ತುಂಬ ಬೇಜಾರಾಯಿತು. ದುಡ್ಡು ನನ್ನದು, ಕಳಿಸಿದ್ದು ನನ್ನ ಮಗಳಿಗೆ. ಇದರಲ್ಲಿ ಯಾವುದಕ್ಕೆ ಎಷ್ಟು ಹೋಯಿತು ಅಂತ ಯಾರಾದರೂ ಹೇಳಬಹುದಾ?

---

ಕೋಡಿಬಾಗದ ಹುಡುಗ · ಮೇ 5, ರಾತ್ರಿ

ಅಕ್ಕ, ಯುಪಿಐನಲ್ಲಿ ಕಳಿಸಿದ್ದರೆ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ದಿನಕ್ಕೆ 1 ಲಕ್ಷದವರೆಗೆ ಹೋಗುತ್ತದೆ. ಕಾಲೇಜು, ಆಸ್ಪತ್ರೆ ಫೀಸಿಗೆ 5 ಲಕ್ಷದವರೆಗೂ ಮಿತಿ ಏರಿಸಿದ್ದಾರೆ. ಬ್ಯಾಂಕಿಗೆ ಯಾಕೆ ಹೋದಿರಿ?

---

ಅಂಕೋಲೆ ಹೊಲಿಗೆ ಅಂಗಡಿ · ಮೇ 5, ರಾತ್ರಿ

ತಮ್ಮಾ, ನನಗೂ ಗೊತ್ತು. ಅಂಗಡಿಗೆ ಬರುವವರೆಲ್ಲ ಸ್ಕ್ಯಾನರ್ ಇದೆಯಾ ಅಂತಲೇ ಕೇಳುತ್ತಾರೆ. ಆದರೆ ನನ್ನ ಖಾತೆಗೆ ಕೊಟ್ಟಿರುವುದು ನಮ್ಮ ಮನೆಯವರ ಹಳೆಯ ನಂಬರ್. ಅವರು ಗೋವಾಕ್ಕೆ ಕೆಲಸಕ್ಕೆ ಹೋದ ಮೇಲೆ ಸಿಮ್ ಬದಲಿಸಿದರು. ಆ ನಂಬರ್ ಬಂದ್ ಆಗಿ ವರ್ಷ ಕಳೆಯಿತು. ನನ್ನ ನಂಬರ್ ಹಾಕಿ ಅಂತ ಫೆಬ್ರವರಿಯಲ್ಲೇ ಬ್ಯಾಂಕಿಗೆ ಅರ್ಜಿ ಕೊಟ್ಟೆ. ಎರಡು ಸಲ ಹೋಗಿ ಕೇಳಿದೆ. ಇನ್ನೂ ಆಗಿಲ್ಲ. ನಂಬರ್ ಜೋಡಣೆ ಆಗದೆ ಯುಪಿಐ ಶುರು ಮಾಡಲು ಬರುವುದಿಲ್ಲ ಅಲ್ವಾ.

---

ಕುಮಟೆಯ ನಿವೃತ್ತ ಕ್ಯಾಷಿಯರ್ · ಮೇ 6, ಬೆಳಿಗ್ಗೆ

ತಂಗಿ, ನಾನು ಮೂವತ್ತು ವರ್ಷಕ್ಕೂ ಮೇಲೆ ಕೌಂಟರಿನ ಆ ಕಡೆ ಕೂತವನು. ಒಂದೊಂದಾಗಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

5.90 ಅಂದರೆ ನೀವು ಹಣ ಕಳಿಸಿದ ಶುಲ್ಕ. ಶಾಖೆಗೆ ಹೋಗಿ ಎನ್‌ಇಎಫ್‌ಟಿ (ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಕಳಿಸುವ ವ್ಯವಸ್ಥೆ) ಮಾಡಿಸಿದರೆ ಗರಿಷ್ಠ ಎಷ್ಟು ತೆಗೆದುಕೊಳ್ಳಬಹುದು ಅಂತ ರಿಸರ್ವ್ ಬ್ಯಾಂಕ್ ಕಟ್ಟು ಹಾಕಿದೆ. 10,000ದವರೆಗೆ 2.50. ಅಲ್ಲಿಂದ 1 ಲಕ್ಷದವರೆಗೆ 5. 2 ಲಕ್ಷದವರೆಗೆ 15. ಅದಕ್ಕಿಂತ ಮೇಲೆ ಎಷ್ಟೇ ಇರಲಿ 25. ಇದರ ಮೇಲೆ ಶೇ. 18 ಜಿಎಸ್‌ಟಿ. ನಿಮ್ಮದು 42,000. ಅಂದರೆ 5 ರೂಪಾಯಿ, ಜಿಎಸ್‌ಟಿ 90 ಪೈಸೆ. ಈ ಲೆಕ್ಕ ಸರಿ ಇದೆ. ಇದೇ ಹಣವನ್ನು ಉಳಿತಾಯ ಖಾತೆಯಿಂದ ಆನ್‌ಲೈನಿನಲ್ಲಿ ಕಳಿಸಿದ್ದರೆ ಶುಲ್ಕವೇ ಇಲ್ಲ. 2020ರ ಜನವರಿ 1ರಿಂದ ಅದು ಕಡ್ಡಾಯ. ಹಣ ಪಡೆಯುವವರಿಂದ, ಅಂದರೆ ಹಾಸ್ಟೆಲ್ ಕಡೆಯಿಂದಲೂ, ಏನೂ ತೆಗೆಯುವಂತಿಲ್ಲ.

ಅಂದರೆ ನಿಮ್ಮ 200ರಲ್ಲಿ ಹಣ ಕಳಿಸಿದ ಖರ್ಚು 6 ರೂಪಾಯಿಯೂ ಇಲ್ಲ. ಉಳಿದ 194 ಬೇರೆ ಕಡೆಯಿಂದ ಬಂದಿದೆ.

59 ಬಹುಶಃ ನಗದು ಕಟ್ಟಿದ ಶುಲ್ಕ. 50 ಮತ್ತು ಜಿಎಸ್‌ಟಿ 9. ಎಷ್ಟೋ ಬ್ಯಾಂಕುಗಳು ತಿಂಗಳಿಗೆ ಇಷ್ಟೇ ಸಲ ನಗದು ಕಟ್ಟುವುದು ಉಚಿತ ಅಂತ ಇಟ್ಟುಕೊಂಡಿವೆ. ಏಪ್ರಿಲಿನಲ್ಲಿ ನೀವು ಎಷ್ಟು ಸಲ ಕಟ್ಟಿದಿರಿ?

17.70 ಎಸ್‌ಎಂಎಸ್ ಶುಲ್ಕ. ಮೂರು ತಿಂಗಳಿಗೊಮ್ಮೆ 15, ಜಿಎಸ್‌ಟಿ ಸೇರಿ 17.70.

118 ಅಂದರೆ 100 ಮತ್ತು ಜಿಎಸ್‌ಟಿ. ಇದು ಮಿನಿಮಮ್ ಬ್ಯಾಲೆನ್ಸ್ ದಂಡ ಅಂತ ನನ್ನ ಅಂದಾಜು. 42,000 ಕಳಿಸಿದ ಮೇಲೆ ಖಾತೆ ಖಾಲಿ ಆಗಿರಬೇಕು.

ಎಂಟ್ರಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ನೋಡಿ ಹೇಳಿ.

---

ಶಿರಸಿ ಘಟ್ಟದ ಮೇಲಿನವ · ಮೇ 6, ಮಧ್ಯಾಹ್ನ

ಈ ಚರ್ಚೆ ನೋಡಿ ನಾನೂ ಬರೆಯಬೇಕು ಅನಿಸಿತು. ನಮ್ಮೂರು ಶಿರಸಿಯಿಂದ 30 ಕಿಲೋಮೀಟರ್ ಒಳಗೆ. ಅಡಿಕೆ ತೋಟ ಇದೆ. ಆನ್‌ಲೈನ್ ಆದರೆ ಉಚಿತ ಅಂತ ಎಲ್ಲರೂ ಹೇಳುತ್ತಾರೆ. ಸರಿ. ಆದರೆ ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ತೋಟದ ಮೇಲಿನ ಗುಡ್ಡ ಹತ್ತಿದರೆ ಒಂದು ಹಲಸಿನ ಮರದ ಹತ್ತಿರ ಎರಡು ಕಡ್ಡಿ ಬರುತ್ತದೆ. ಅಲ್ಲಿ ನಿಂತು ಪಾಸ್‌ವರ್ಡ್ ಹಾಕಿದರೆ ಓಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಇಲ್ಲ. ಆಮೇಲೆ ಟವರೂ ಇಲ್ಲ.

ಹೋದ ವರ್ಷ ಜುಲೈಯಲ್ಲಿ ಆಯಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ತಮ್ಮ ಅಲ್ಲಿದ್ದ. ನಾನು ಇಲ್ಲಿಂದ 2,20,000 ಕಳಿಸಬೇಕಿತ್ತು. ನಮ್ಮ ದುಡ್ಡು ಇದ್ದದ್ದು ಊರಿನ ಸೊಸೈಟಿಯಲ್ಲಿ. ಸೊಸೈಟಿಯಿಂದ ನೇರವಾಗಿ ಬೇರೆ ಬ್ಯಾಂಕಿಗೆ ಕಳಿಸಲು ಬರುವುದಿಲ್ಲ. ಅಲ್ಲಿ ತೆಗೆದು ಪೇಟೆಯ ಬ್ಯಾಂಕಿಗೆ ಹಾಕಿ ಅಲ್ಲಿಂದ ಕಳಿಸಬೇಕು. ಆರ್‌ಟಿಜಿಎಸ್ ಮಾಡಿದರು, ದೊಡ್ಡ ಮೊತ್ತ ಕಳಿಸುವ ವ್ಯವಸ್ಥೆ ಅದು. 28 ರೂಪಾಯಿ 91 ಪೈಸೆ ಹೋಯಿತು. ಅದೇನೂ ದೊಡ್ಡದಲ್ಲ. ಆದರೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟವನು ಮನೆ ಸೇರುವಾಗ ರಾತ್ರಿ ಎಂಟು. ಔಷಧಿ ಹೊಡೆಯಲು ಬಂದ ಇಬ್ಬರು ಆಳುಗಳನ್ನು ವಾಪಸ್ ಕಳಿಸಿದೆ, ಕೂಲಿ ಕೊಟ್ಟೇ ಕಳಿಸಿದೆ. ಆಯಿ ಅಲ್ಲಿ ಮಲಗಿದ್ದಾಳೆ, ನಾನಿಲ್ಲಿ ಟೋಕನ್ ಹಿಡಿದು ಕೂತಿದ್ದೇನೆ. ಆ ದಿನವನ್ನು ನಾನು ಮರೆಯುವುದಿಲ್ಲ.

ಸಿಗ್ನಲ್ ಇದ್ದವರಿಗೆ ಸೊನ್ನೆ, ಇಲ್ಲದವರಿಗೆ ಶುಲ್ಕ. ಶಾಖೆಗೆ ಬರುವವರೆಲ್ಲ ಬೇಕಂತ ಬರುವುದಲ್ಲ. ಬೇರೆ ದಾರಿ ಇಲ್ಲದೆ ಬರುತ್ತೇವೆ. ನಮಗೇ ಜಾಸ್ತಿ ಹಾಕುವುದು ಯಾವ ನ್ಯಾಯ?

---

ಕೋಡಿಬಾಗದ ಹುಡುಗ · ಮೇ 6, ಮಧ್ಯಾಹ್ನ

ಅಣ್ಣ, ಕ್ಷಮಿಸಿ. ನಾನು ಹಾಗೆ ಯೋಚನೆ ಮಾಡಿರಲಿಲ್ಲ.

ಒಂದು ಮಾತು ಹೇಳುತ್ತೇನೆ, ಉಪಯೋಗ ಆಗುತ್ತದಾ ನೋಡಿ. ಇಂಟರ್‌ನೆಟ್ ಇಲ್ಲದಿದ್ದರೂ ಕರೆ ಹೋಗುವಷ್ಟು ಸಿಗ್ನಲ್ ಇದ್ದರೆ *99# ಒತ್ತಿ ಹಣ ಕಳಿಸಬಹುದು. ಒಂದು ಸಲಕ್ಕೆ 5,000ದವರೆಗೆ. ಮೊದಲು ಇದಕ್ಕೆ ಮೊಬೈಲ್ ಕಂಪನಿಯವರು ತೆಗೆಯುತ್ತಿದ್ದ 50 ಪೈಸೆಯನ್ನೂ 2022ರಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್ ಸೊನ್ನೆ ಮಾಡಿತು. ಅದೇ ವರ್ಷ ಬಟನ್ ಫೋನಿಗಾಗಿ ಯುಪಿಐ 123ಪೇ ಕೂಡ ಬಂತು. ನಮ್ಮ ಅಜ್ಜಿಗೆ ನಾನೇ ಮಾಡಿಕೊಟ್ಟೆ. ಈಗ ಕಿರಾಣಿ ಅಂಗಡಿಗೆ ಅವಳೇ ಕಳಿಸುತ್ತಾಳೆ.

---

ಶಿರಸಿ ಘಟ್ಟದ ಮೇಲಿನವ · ಮೇ 6, ಸಂಜೆ

ಕ್ಷಮೆ ಯಾಕೆ ತಮ್ಮಾ. *99# ನನಗೆ ಗೊತ್ತಿರಲಿಲ್ಲ. ಹಲಸಿನ ಮರದ ಹತ್ತಿರ ಹೋದಾಗ ನೋಡುತ್ತೇನೆ. ಸಣ್ಣ ಖರ್ಚಿಗೆ ಸಾಕು. ಆಸ್ಪತ್ರೆಗೆ ಸಾಕಾಗುವುದಿಲ್ಲ.

---

ಅಂಕೋಲೆ ಹೊಲಿಗೆ ಅಂಗಡಿ · ಮೇ 6, ರಾತ್ರಿ

ಕ್ಯಾಷಿಯರ್ ಸರ್, ನೀವು ಹೇಳಿದ್ದು ಹಾಗೆಯೇ ಇದೆ. 59ರ ಮುಂದೆ ಕ್ಯಾಶ್ ಹ್ಯಾಂಡ್ಲಿಂಗ್ ಅಂತ ಇದೆ. 118ರ ಮುಂದೆ ಬ್ಯಾಲೆನ್ಸ್ ಅಂತ ಏನೋ ಇದೆ.

ಏಪ್ರಿಲಿನಲ್ಲಿ ನಾನು ನಾಲ್ಕು ಸಲ ದುಡ್ಡು ಕಟ್ಟಿದ್ದೇನೆ. ವಾರಕ್ಕೊಮ್ಮೆ. ಅಂಗಡಿಯ ದುಡ್ಡು ಮನೆಯಲ್ಲಿ ಇಟ್ಟರೆ ಖರ್ಚಾಗಿ ಹೋಗುತ್ತದೆ ಅಂತ ಶನಿವಾರ ಶನಿವಾರ ಹೋಗಿ ಕಟ್ಟುತ್ತಿದ್ದೆ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಅಂತ ಆಗ ಶುಕ್ರವಾರ. ಉಳಿತಾಯ ಮಾಡಿ ಅಂತ ಸಂಘದ ಮೀಟಿಂಗಿನಲ್ಲಿ ಹೇಳುತ್ತಾರೆ. ಮಾಡಿದರೆ ಅದಕ್ಕೂ ದುಡ್ಡಾ?

ಇನ್ನೊಂದು. ಆ ಎಸ್‌ಎಂಎಸ್ ಯಾವ ನಂಬರಿಗೆ ಹೋಗುತ್ತಿದೆ? ಬಂದ್ ಆದ ನಂಬರಿಗಾ? ಹಾಗಿದ್ದರೆ ವರ್ಷವಿಡೀ ಯಾರಿಗೂ ಬಾರದ ಮೆಸೇಜಿಗೆ ನಾನು ದುಡ್ಡು ಕೊಟ್ಟಿದ್ದೇನೆ.

---

ಕುಮಟೆಯ ನಿವೃತ್ತ ಕ್ಯಾಷಿಯರ್ · ಮೇ 7, ಬೆಳಿಗ್ಗೆ

ತಂಗಿ, ನಿಮ್ಮ ಕೊನೆಯ ಪ್ರಶ್ನೆಯೇ ಇಡೀ ವಿಷಯದ ಬೀಗದ ಕೈ.

ಎಸ್‌ಎಂಎಸ್ ಶುಲ್ಕವನ್ನು ಎಲ್ಲರಿಗೂ ಒಂದೇ ಅಂತ ಹಾಕಬೇಡಿ, ನಿಜವಾಗಿ ಬಳಸಿದಷ್ಟಕ್ಕೆ ಮಾತ್ರ ತೆಗೆದುಕೊಳ್ಳಿ ಅಂತ ರಿಸರ್ವ್ ಬ್ಯಾಂಕ್ 2013ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಾಗಾಗಿ ಇದನ್ನು ಧೈರ್ಯವಾಗಿ ಕೇಳಬಹುದು.

ಮಿನಿಮಮ್ ಬ್ಯಾಲೆನ್ಸಿಗೂ ನಿಯಮ ಇದೆ. 2014ರ ಸುತ್ತೋಲೆ, 2015ರ ಏಪ್ರಿಲ್ 1ರಿಂದ ಜಾರಿ. ಬ್ಯಾಲೆನ್ಸ್ ಕಡಿಮೆ ಆದ ಕೂಡಲೇ ದಂಡ ಹಾಕುವಂತಿಲ್ಲ. ಮೊದಲು ಗ್ರಾಹಕರಿಗೆ ತಿಳಿಸಬೇಕು. ತುಂಬಿಸಿಕೊಳ್ಳಲು ಒಂದು ತಿಂಗಳು ಸಮಯ ಕೊಡಬೇಕು. ಎಷ್ಟು ಕಡಿಮೆ ಬಿದ್ದಿದೆಯೋ ಅದರ ಲೆಕ್ಕದಲ್ಲೇ ದಂಡ ಇರಬೇಕು. ಬರೀ ದಂಡದಿಂದಲೇ ಖಾತೆ ಮೈನಸ್‌ಗೆ ಹೋಗಬಾರದು. ಈಗ ಕೆಲವು ಬ್ಯಾಂಕುಗಳು ಈ ದಂಡವನ್ನೇ ಬಿಟ್ಟಿವೆ. ಸ್ಟೇಟ್ ಬ್ಯಾಂಕ್ 2020ರಲ್ಲಿ ಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನಿನಿಂದ ಬಿಟ್ಟಿತು.

ನಿಮಗೆ ಮೊದಲೇ ತಿಳಿಸಿದ್ದರಾ? ಮೆಸೇಜು ಕಳಿಸಿದ್ದೇವೆ ಅಂತ ಅವರು ಹೇಳುತ್ತಾರೆ, ಅದು ಹೋಗಿದ್ದು ಸತ್ತ ನಂಬರಿಗೆ. ಫೆಬ್ರವರಿಯಲ್ಲಿ ನಂಬರ್ ಬದಲಿಸಲು ಅರ್ಜಿ ಕೊಟ್ಟಿರಲ್ಲ, ಅದಕ್ಕೆ ಸೀಲು ಹಾಕಿದ ಚೀಟಿ ಕೊಟ್ಟಿದ್ದಾರಾ? ಹುಡುಕಿ. ಅದು ಸಿಕ್ಕರೆ ನಿಮ್ಮ ಮಾತಿಗೆ ಬಲ ಬರುತ್ತದೆ.

59ರ ವಿಷಯದಲ್ಲಿ ನಾನು ನಿಮಗೆ ಆಸೆ ತೋರಿಸುವುದಿಲ್ಲ. ನಗದು ಕಟ್ಟುವ ಶುಲ್ಕ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಇಟ್ಟುಕೊಂಡದ್ದು. ಶುಲ್ಕದ ಪಟ್ಟಿ ಶಾಖೆಯ ಗೋಡೆಯ ಮೇಲೆ ಇರಬೇಕು. ಇದ್ದರೆ ಅದು ವಾಪಸ್ ಬರುವುದು ಕಷ್ಟ.

ಕೌಂಟರಿನವರ ಮೇಲೆ ಸಿಟ್ಟು ಬೇಡ ಅಂತ ಒಂದು ಮಾತು. ಕಡಿತ ಮಾಡುವುದು ನಿಜವಾಗಿಯೂ ಸಿಸ್ಟಮ್ಮೇ. ಆ ಹುಡುಗರಿಗೆ ತಡೆಯುವ ಅಧಿಕಾರ ಇಲ್ಲ. ಮ್ಯಾನೇಜರಿಗೆ ಬರಹದಲ್ಲಿ ಕೊಡಿ. ಬಾಯಿ ಮಾತು ಹತ್ತು ಜನರ ಸಾಲಿನಲ್ಲಿ ಕರಗಿ ಹೋಗುತ್ತದೆ.

---

ಬೈತಖೋಲ ಬಂದರು · ಮೇ 8, ರಾತ್ರಿ

ನಾನು ಒಂದು ಟ್ರಾಲ್ ಬೋಟಿನ ಲೆಕ್ಕ ನೋಡಿಕೊಳ್ಳುವವನು. ನಮ್ಮಲ್ಲಿ 11 ಖಲಾಸಿಗಳಿದ್ದಾರೆ. ಹೆಚ್ಚಿನವರು ಒಡಿಶಾ, ಜಾರ್ಖಂಡಿನವರು. ಅವರ ಕಥೆಯನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ಅವರು ಇಲ್ಲಿ ಬಂದು ಬರೆಯುವುದಿಲ್ಲ.

ಮೀನು ಖಾಲಿ ಮಾಡಿ ಮಂಜುಗಡ್ಡೆ ಹಾಕಿ ಮುಗಿಸುವಾಗ ಬ್ಯಾಂಕ್ ಮುಚ್ಚಿರುತ್ತದೆ. ಕೈಗೆ ನಗದು ಬರುತ್ತದೆ. ಅದನ್ನು ಊರಿಗೆ ಕಳಿಸಲು ಬಸ್ ಸ್ಟ್ಯಾಂಡ್ ಹತ್ತಿರದ ಮನಿ ಟ್ರಾನ್ಸ್‌ಫರ್ ಅಂಗಡಿಗೆ ಹೋಗುತ್ತಾರೆ. ಅಲ್ಲಿ 10,000ಕ್ಕೆ 100. ತಿಂಗಳಿಗೆ ಒಬ್ಬೊಬ್ಬರು ಹತ್ತು ಹದಿನೈದು ಸಾವಿರ ಕಳಿಸುತ್ತಾರೆ. ವರ್ಷಕ್ಕೆ ಹತ್ತು ತಿಂಗಳು ದುಡಿಮೆ. ಲೆಕ್ಕ ಹಾಕಿ ನೋಡಿ. ಒಬ್ಬನಿಂದ ಸಾವಿರದಿಂದ ಸಾವಿರದ ಐನೂರು. ಹನ್ನೊಂದು ಜನರದು ಸೇರಿದರೆ ಹನ್ನೊಂದು ಸಾವಿರಕ್ಕೆ ಕಡಿಮೆ ಇಲ್ಲ. ನಮ್ಮದೊಂದೇ ಬೋಟಿನದು ಇದು.

ಜೂನ್ 1ರಿಂದ 61 ದಿನ ಮೀನುಗಾರಿಕೆ ಬಂದ್. ಬೋಟ್ ಮೇಲೆ ಎಳೆದು ಅವರ ಲೆಕ್ಕ ಚುಕ್ತಾ ಮಾಡಬೇಕು. ಒಬ್ಬೊಬ್ಬರಿಗೆ ಮೂವತ್ತು ನಲವತ್ತು ಸಾವಿರ ಬರುತ್ತದೆ. ಅಷ್ಟು ದುಡ್ಡನ್ನು ಚಡ್ಡಿಯೊಳಗೆ ಹೊಲಿದುಕೊಂಡು ಎರಡು ದಿನ ರೈಲಿನಲ್ಲಿ ಹೋಗುವವರಿದ್ದಾರೆ. ಹೋದ ವರ್ಷ ನಮ್ಮ ಒಬ್ಬ ಹುಡುಗನದು ದಾರಿಯಲ್ಲೇ ಕಳೆಯಿತು. ಒಂದು ಸೀಜನ್ನಿನ ದುಡಿಮೆ. ಅವನು ಫೋನ್ ಮಾಡಿ ಅತ್ತಾಗ ನನಗೆ ಮಾತೇ ಬರಲಿಲ್ಲ.

ಕ್ಯಾಷಿಯರ್ ಸಾಹೇಬರೇ, ಇವರಿಗೆ ಏನು ಮಾಡಬಹುದು?

---

ಕುಮಟೆಯ ನಿವೃತ್ತ ಕ್ಯಾಷಿಯರ್ · ಮೇ 9, ಬೆಳಿಗ್ಗೆ

ಖಾತೆ ಇಲ್ಲದವರೂ ಗುರುತಿನ ದಾಖಲೆ ತೋರಿಸಿ 50,000ದವರೆಗೆ ನಗದು ಕೊಟ್ಟು ಎನ್‌ಇಎಫ್‌ಟಿ ಮಾಡಿಸಬಹುದು. 10,000ಕ್ಕೆ 2 ರೂಪಾಯಿ 95 ಪೈಸೆ. ಅಂಗಡಿಯವರು ತೆಗೆಯುವುದು 100. ಆದರೆ ಕೌಂಟರಿನಲ್ಲಿ ಫಾರ್ಮ್ ತುಂಬಿಸಿಕೊಡುವವರು ಯಾರು, ಅವರ ಮಾತು ತಿಳಿಯುವವರು ಯಾರು. ನನಗೂ ಗೊತ್ತು, ನಮ್ಮ ಕಾಲದಲ್ಲೂ ಅವರನ್ನು ನಾಳೆ ಬಾ ಅಂತ ಕಳಿಸಿದ್ದಿದೆ. ಅದು ತಪ್ಪು.

ನಿಮಗೆ ಇನ್ನೂ ಸುಲಭದ ದಾರಿ ಇದೆ. ಅವರ ಮನೆಯಲ್ಲಿ ಜನಧನ್ ಖಾತೆ ಇರುವ ಸಾಧ್ಯತೆ ಜಾಸ್ತಿ. ಅವರದಲ್ಲದಿದ್ದರೆ ಹೆಂಡತಿಯದೋ ತಾಯಿಯದೋ. ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ವಾಟ್ಸಾಪಿನಲ್ಲಿ ತರಿಸಿ. ಬೋಟಿನ ಖಾತೆಯಿಂದ ನೇರವಾಗಿ ಅಲ್ಲಿಗೇ ಹಾಕಿ. ನಿಮ್ಮದು ಕರೆಂಟ್ ಅಕೌಂಟ್ (ವ್ಯಾಪಾರದ ಖಾತೆ) ಆದರೆ ಆನ್‌ಲೈನ್ ಉಚಿತ ಎಂಬ ನಿಯಮ ಅನ್ವಯಿಸುವುದಿಲ್ಲ, ಅದು ಉಳಿತಾಯ ಖಾತೆಗೆ ಮಾತ್ರ. ಆದರೂ 40,000ಕ್ಕೆ 5.90 ಮೇಲೆ ಹೋಗಬಾರದು.

ತಪ್ಪು ನಂಬರಿಗೆ ಹೋದರೆ ಅನ್ನುವ ಭಯ ಬೇಡ. ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಮಾಡುವ ಮೊದಲು ಆ ಖಾತೆ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರ ಒಳಗೆ ಕೊಡಿ ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಶಾಖೆಯಲ್ಲೂ ಕೇಳಬಹುದು. ಅದಕ್ಕೆ ಶುಲ್ಕ ಇಲ್ಲ.

---

ಭಟ್ಕಳ, ಈಗ ದುಬೈ · ಮೇ 9, ರಾತ್ರಿ

ನಮ್ಮ ಕಡೆಯ ಎಷ್ಟೋ ಮನೆಗಳು ಇಲ್ಲಿಂದ ಬರುವ ದುಡ್ಡಿನಲ್ಲೇ ನಡೆಯುತ್ತವೆ. ನಮಗೆ ಆಗುವ ಕಡಿತ ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಳಿಸುವ ಶುಲ್ಕ ಕಣ್ಣಿಗೆ ಕಾಣುತ್ತದೆ. ನಿಜವಾದ ಪೆಟ್ಟು ವಿನಿಮಯ ದರದಲ್ಲಿ. ಮಾರುಕಟ್ಟೆಯ ದರಕ್ಕಿಂತ ದಿರ್ಹಮಿಗೆ 25 ಪೈಸೆ ಕಡಿಮೆ ಕೊಟ್ಟರೂ 3,000 ದಿರ್ಹಮಿಗೆ 750 ರೂಪಾಯಿ ಹೋಯಿತು. ಶುಲ್ಕ ಇಲ್ಲ ಅಂತ ದೊಡ್ಡ ಬೋರ್ಡ್ ಹಾಕಿದವರ ಹತ್ತಿರ ದರ ಮೊದಲು ಕೇಳಬೇಕು. ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಿಫ್ಟ್ (ದೇಶದಿಂದ ದೇಶಕ್ಕೆ ಹಣ ಕಳಿಸಲು ಬ್ಯಾಂಕುಗಳು ಬಳಸುವ ಜಾಲ) ಮೂಲಕ ಕಳಿಸಿದರೆ ನಡುವಿನ ಬ್ಯಾಂಕೂ ತನ್ನ ಪಾಲು ತೆಗೆಯಬಹುದು. ಮೇಲೆ ನಮ್ಮ ದೇಶದಲ್ಲಿ ಹಣ ಬದಲಿಸಿದ್ದಕ್ಕೆ ಕನಿಷ್ಠ 45 ರೂಪಾಯಿ ಜಿಎಸ್‌ಟಿ.

ಒಂದು ಸಲ ನಾನು ಲೆಕ್ಕ ಹಾಕಿ ಅಮ್ಮನಿಗೆ ಇಷ್ಟು ಬರುತ್ತದೆ ಅಂತ ಹೇಳಿದ್ದೆ. ಎರಡು ಸಾವಿರದಷ್ಟು ಕಡಿಮೆ ಹೋಗಿತ್ತು. ಅವರು ನನ್ನ ಹತ್ತಿರ ಕೇಳಲಿಲ್ಲ. ನನ್ನ ಕೈಯಲ್ಲಿ ದುಡ್ಡಿಲ್ಲ ಅಂದುಕೊಂಡು ಔಷಧಿಯನ್ನೇ ಕಡಿಮೆ ತಂದರು. ಆಮೇಲೆ ಅಕ್ಕ ಹೇಳಿದಳು. ಅಂದಿನಿಂದ ಕೊನೆಗೆ ಕೈಗೆ ಎಷ್ಟು ರೂಪಾಯಿ ಸಿಗುತ್ತದೆ ಅಂತ ಒಂದೇ ಪ್ರಶ್ನೆ ಕೇಳಿ, ಮೂರು ಕಡೆ ವಿಚಾರಿಸಿ ಕಳಿಸುತ್ತೇನೆ.

2030ರ ಒಳಗೆ ಇಂಥ ಖರ್ಚು ಶೇ. 3ಕ್ಕಿಂತ ಕೆಳಗೆ ಇಳಿಯಬೇಕು ಅಂತ ವಿಶ್ವಸಂಸ್ಥೆ ಗುರಿ ಇಟ್ಟಿದೆ. 2023ರ ಫೆಬ್ರವರಿಯಲ್ಲಿ ಸಿಂಗಾಪುರದ ಜೊತೆ ಯುಪಿಐ ಜೋಡಿಸಿದರು. ಗಲ್ಫಿನಿಂದಲೂ ಹಾಗೆ ಸುಲಭವಾಗಿ ಮನೆಗೆ ಕಳಿಸುವಂತಾದರೆ ನಮ್ಮ ಕರಾವಳಿಗೆ ಎಷ್ಟು ಉಳಿಯುತ್ತದೆ ಯೋಚಿಸಿ.

---

ಅಂಕೋಲೆ ಹೊಲಿಗೆ ಅಂಗಡಿ · ಮೇ 11, ಬೆಳಿಗ್ಗೆ

ಚೀಟಿ ಸಿಕ್ಕಿತು! ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನ ಹಿಂದೆಯೇ ಇತ್ತು. ಫೆಬ್ರವರಿ 12ರ ಸೀಲು, ಸಹಿ ಎರಡೂ ಇದೆ. ಪತ್ರ ಹೇಗೆ ಬರೆಯಲಿ?

---

ಕುಮಟೆಯ ನಿವೃತ್ತ ಕ್ಯಾಷಿಯರ್ · ಮೇ 11, ಮಧ್ಯಾಹ್ನ

ಕನ್ನಡದಲ್ಲೇ ಬರೆಯಿರಿ. ಉದ್ದ ಬೇಡ. ಖಾತೆ ನಂಬರ್, ಕಡಿತದ ತಾರೀಕು, ಮೊತ್ತ. ಫೆಬ್ರವರಿಯ ಚೀಟಿಯ ಜೆರಾಕ್ಸ್ ಪಿನ್ ಮಾಡಿ. ಮೂಲ ಚೀಟಿ ಕೊಡಬೇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ.

30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಆನ್‌ಲೈನ್ ಆಗದವರು ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು, ಯಾವ ಭಾಷೆಯಲ್ಲಿದ್ದರೂ ತೆಗೆದುಕೊಳ್ಳುತ್ತಾರೆ. ವಿಚಾರಿಸಲು 14448ಕ್ಕೆ ಫೋನ್ ಮಾಡಿ. ಆದರೆ ಮೊದಲು ಬ್ಯಾಂಕಿಗೆ ಕೊಟ್ಟಿರಲೇಬೇಕು.

ಜೊತೆಗೆ ನಿಮಗೆ ಬೇಸಿಕ್ ಉಳಿತಾಯ ಖಾತೆ ಸರಿ ಹೊಂದುತ್ತದಾ ಕೇಳಿ. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ. ಎಷ್ಟು ಸಲ ನಗದು ಕಟ್ಟಿದರೂ ಶುಲ್ಕ ಇಲ್ಲ. ತಿಂಗಳಿಗೆ ಕನಿಷ್ಠ 4 ಸಲ ಉಚಿತವಾಗಿ ತೆಗೆಯಬಹುದು. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು, ಅಷ್ಟೇ. ನಿಮ್ಮ ಶನಿವಾರದ ಉಳಿತಾಯ ನಿಲ್ಲಿಸಬೇಡಿ ತಂಗಿ.

---

ಅಂಕೋಲೆ ಹೊಲಿಗೆ ಅಂಗಡಿ · ಮೇ 27, ರಾತ್ರಿ

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ.

ಪತ್ರ ಕೊಟ್ಟೆ. ಮೊದಲು ಮ್ಯಾನೇಜರ್, "ನೋಟಿಸ್ ಮೆಸೇಜು ಹೋಗಿದೆ, ಕಂಪ್ಯೂಟರಿನಲ್ಲಿ ಇದೆ ನೋಡಿ" ಅಂದರು. ಯಾವ ನಂಬರಿಗೆ ಸರ್ ಅಂತ ಕೇಳಿದೆ. ಓದಿದರು. ಹಳೆಯ ನಂಬರ್. ಆಗ ಚೀಟಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕುರ್ಚಿ ಕೊಟ್ಟು ಕೂರಿಸಿದರು. ನಂಬರ್ ಅಲ್ಲೇ ಬದಲಿಸಿಕೊಟ್ಟರು, ಹತ್ತು ನಿಮಿಷದ ಕೆಲಸ ಅದು. ಫೆಬ್ರವರಿಯಿಂದ ಹತ್ತು ನಿಮಿಷ ಸಿಕ್ಕಿರಲಿಲ್ಲ.

ಹತ್ತು ದಿನದ ಮೇಲೆ 118 ವಾಪಸ್ ಬಂತು. ನಿನ್ನೆ 17.70 ಬಂತು, ಒಂದೇ ಸಲದ್ದು. ಹಿಂದಿನದು ಕೊಡಲು ಆಗುವುದಿಲ್ಲ ಅಂದಿದ್ದಾರೆ. ಅದಕ್ಕೆ ಇನ್ನೊಂದು ಪತ್ರ ಕೊಟ್ಟಿದ್ದೇನೆ. 59 ಬರಲಿಲ್ಲ. ಗೋಡೆಯ ಮೇಲೆ ಪಟ್ಟಿ ಇದೆ, ಬಾಗಿಲ ಹಿಂದೆ, ಬಾಗಿಲು ಹಾಕಿದರೆ ಮಾತ್ರ ಕಾಣುತ್ತದೆ. ಅದನ್ನೂ ಪತ್ರದಲ್ಲಿ ಬರೆದಿದ್ದೇನೆ. ಖಾತೆ ಬದಲಿಸಲು ಫಾರ್ಮ್ ತಂದಿದ್ದೇನೆ.

ಈ ತಿಂಗಳ ಹಾಸ್ಟೆಲ್ ದುಡ್ಡು ಫೋನಿನಲ್ಲೇ ಕಳಿಸಿದೆ. ಮಗಳು ಅಲ್ಲಿಂದ ಹೇಳಿಕೊಟ್ಟಳು, ನಾನು ಇಲ್ಲಿ ಒತ್ತಿದೆ.

---

ಬೈತಖೋಲ ಬಂದರು · ಮೇ 31, ರಾತ್ರಿ

ಒಳ್ಳೆಯದಾಯಿತು ಅಕ್ಕ.

ನಮ್ಮದೂ ಹೇಳುತ್ತೇನೆ. 11ರಲ್ಲಿ 8 ಜನರ ಮನೆಯಲ್ಲಿ ಖಾತೆ ಇತ್ತು. ಪಾಸ್‌ಬುಕ್ ಫೋಟೋ ತರಿಸಿ, ಹೆಸರು ನೋಡಿಕೊಂಡು ನೇರ ಹಾಕಿದೆ. ಒಬ್ಬೊಬ್ಬರದಕ್ಕೆ 5.90. ಅದನ್ನು ಬೋಟಿನ ಲೆಕ್ಕದಿಂದಲೇ ಕೊಡಿ ಅಂತ ಯಜಮಾನರು ಹೇಳಿದರು. ಉಳಿದ ಮೂವರಿಗೆ ಇಲ್ಲೇ ಬೇಸಿಕ್ ಖಾತೆ ಮಾಡಿಸಿದೆ. ಇಬ್ಬರ ಕಾರ್ಡ್ ಬಂದಿದೆ. ಒಬ್ಬನದು ಬಂದಿಲ್ಲ, ಅವನು ನಗದೇ ಒಯ್ದ.

ಇವತ್ತು ಸಂಜೆಯ ರೈಲಿಗೆ ಎಲ್ಲರನ್ನೂ ಕಾರವಾರ ಸ್ಟೇಷನ್ನಿಗೆ ಬಿಟ್ಟು ಬಂದೆ. ಹೋದ ವರ್ಷ ದುಡ್ಡು ಕಳಕೊಂಡ ಹುಡುಗ ಮೊಬೈಲ್ ತೋರಿಸಿದ. ಅವನ ಅಮ್ಮ ಊರಿನ ಬ್ಯಾಂಕಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತ ಫೋಟೋ.

---

ಶಿರಸಿ ಘಟ್ಟದ ಮೇಲಿನವ · ಜೂನ್ 2, ಬೆಳಿಗ್ಗೆ

ಹಲಸಿನ ಮರದ ಹತ್ತಿರದಿಂದ ಬರೆಯುತ್ತಿದ್ದೇನೆ. *99# ಕೆಲಸ ಮಾಡಿತು. ಆಯಿಯ ಔಷಧಿ ಅಂಗಡಿಗೆ 1,850 ಕಳಿಸಿದೆ, ಮೂರನೇ ಪ್ರಯತ್ನಕ್ಕೆ ಹೋಯಿತು. ಅಂಕೋಲೆ ಅಕ್ಕ, ನಿಮ್ಮ ಪತ್ರದ ಫೋಟೋ ಹಾಕುತ್ತೀರಾ? ಖಾತೆ ನಂಬರ್ ಮುಚ್ಚಿ ಹಾಕಿ. ನಮ್ಮೂರಿನಲ್ಲಿ ನಾಲ್ಕು ಮನೆಯವರು ಕೇಳುತ್ತಿದ್ದಾರೆ.